ದುರ್ಯೋಧನನ ಯಾವ ಕಾಲು?

ಔರಾದದ ಬಯಲಾಟದಲ್ಲಿ ನಮ್ಮ ಮಾವ ಬಿದ್ದದ್ದು ನಿಜ. ಇಷ್ಟನ್ನು ನಾನು ಯಾವ ಕಚೇರಿಯಲ್ಲಿ ಬೇಕಾದರೂ ಪ್ರಮಾಣ ಮಾಡಿ ಹೇಳಬಲ್ಲೆ. ಹೇಗೆ ಬಿದ್ದರು, ಯಾರಿಂದ ಬಿದ್ದರು, ಯಾವ ಕಾಲಿಗೆ ಪೆಟ್ಟಾಯಿತು ಎಂದು ಮುಂದೆ ಕೇಳಿದರೆ ಮಾತ್ರ ನನ್ನ ಬಾಯಿ ಒಣಗುತ್ತದೆ. ಆಗ ನಾನು ಊರಲ್ಲಿರಲಿಲ್ಲ ಎಂದೋ, ಹಿಂದೆಲ್ಲೋ ಗುಂಪಿನಲ್ಲಿ ಕೂತಿದ್ದೆ ಎಂದೋ ಹೇಳಿ ಪಾರಾಗುವ ಹಾಗೂ ಇಲ್ಲ. ಆಟದ ಅದೇ ಅಟ್ಟದ ಮೇಲೆ, ಅವರಿಂದ ನಾಲ್ಕಾರು ಹೆಜ್ಜೆ ಆಚೆ, ಮುಖಕ್ಕೆ ಬಣ್ಣ ಬಳಿದುಕೊಂಡು, ಮರದ ಕತ್ತಿ ಹಿಡಿದುಕೊಂಡು ನಕುಲನಾಗಿ ನಿಂತಿದ್ದೆ. ಇತಿಹಾಸದಲ್ಲಿ ಎಂ.ಎ. ಮಾಡಿದವನು ನಾನು. ಕಣ್ಣಾರೆ ಕಂಡವನು ಹೇಳಿದರೂ ಇನ್ನೊಂದು ಸಾಕ್ಷಿ ಕೇಳಬೇಕು ಎಂದು ಬೀದರಿನ ಕಾಲೇಜಿನಲ್ಲಿ ಪಾಠ ಹೇಳಿ ಹೇಳಿ ನಿವೃತ್ತನಾದವನು. ಆ ಪಾಠವನ್ನು ನನ್ನ ವಿದ್ಯಾರ್ಥಿಗಳು ಪರೀಕ್ಷೆ ಮುಗಿದ ಸಂಜೆಯೇ ಮರೆತರು. ನನಗೆ ಮಾತ್ರ ಅದು ಕೆಮ್ಮಿನ ಹಾಗೆ ಅಂಟಿಕೊಂಡಿತು. ಈಗ ನನ್ನ ಮದುವೆಯ ಊಟಕ್ಕೆ ಹೋಳಿಗೆ ಇತ್ತೋ ಬೂಂದಿ ಇತ್ತೋ ಎನ್ನುವುದಕ್ಕೂ ನಾನು ಎರಡನೆಯ ಸಾಕ್ಷಿ ಹುಡುಕುತ್ತೇನೆ.

ಇದರ ಬಿಸಿ ತಟ್ಟುವುದು ಮನೆಯಲ್ಲಿ. ನನ್ನ ಹೆಂಡತಿ ಶಾಂತಾಬಾಯಿ ಔರಾದದವಳು, ಬಿದ್ದ ದುರ್ಯೋಧನನ ಮಗಳು. ಅಂದು ಭೀಮನ ವೇಷ ಹಾಕಿದವನು ಭಾಲ್ಕಿಯ ನಮ್ಮ ಬಂಡೆಪ್ಪ ಕಾಕಾ, ನಮ್ಮ ತಂದೆಯ ತಮ್ಮ. ಹೀಗಾಗಿ ನಮ್ಮದು ಕೌರವರ ಮನೆಯ ಹೆಣ್ಣನ್ನು ಪಾಂಡವರ ಮನೆಗೆ ತಂದುಕೊಂಡ ಸಂಬಂಧ. ನಾನು ಪೇಟೆಯಿಂದ ಬದನೆಕಾಯಿ ತರುವುದನ್ನು ಮರೆತರೆ ಸಾಕು, "ಗದಾ ಎಲ್ಲಿ ಹೊಡಿಬೇಕಂತ ನಿಮ್ಮ ಕಾಕಾಗ ನೆಪ್ಪಿರಲಿಲ್ಲ, ನಿಮಗ ಬದನಿಕಾಯಿ ಎಲ್ಲಿ ನೆಪ್ಪಿರ್ತದ? ನಿಮ್ಮ ಮನಿತನಾನೇ ಹಂಗ," ಎನ್ನುತ್ತಾಳೆ. ಅವಳ ಪ್ರಕಾರ ಕಾಕಾ ಅವಳಪ್ಪನ ಎಡಗಾಲಿಗೆ ಹೊಡೆದ. ಕಾಕಾ ಬದುಕಿದ್ದಷ್ಟು ದಿನವೂ ಹೇಳಿದ್ದು, ತನ್ನ ಗದೆ ಯಾರಿಗೂ ತಾಗಲೇ ಇಲ್ಲ, ದುರ್ಯೋಧನನೇ ಹಲಗೆಯ ಸಂದಿಯಲ್ಲಿ ಬಲಗಾಲು ಸಿಕ್ಕಿಸಿಕೊಂಡು ಬಿದ್ದ ಎಂದು. ನನಗೆ ನೆನಪಿರುವ ಹಾಗೆ ಮಾವ ತಮ್ಮದೇ ಜರಿಯ ನಿಲುವಂಗಿಯನ್ನು ತುಳಿದು ಬಿದ್ದರು. ಯಾವ ಕಾಲು ಎಂಬ ಪ್ರಶ್ನೆಗೆ ನಾನು ಕೊಡುವ ಉತ್ತರ ಯಾರಿಗೂ ಹಿಡಿಸುವುದಿಲ್ಲ. ಅಟ್ಟದ ಮೇಲಿನವನ ಎಡ ಕೂತು ನೋಡುವವರ ಬಲವಾಗುತ್ತದೆ, ಗೊಂದಲ ಹುಟ್ಟಿದ್ದೇ ಅಲ್ಲಿ ಎಂದು ವಿವರಿಸಲು ಒಮ್ಮೆ ಹೆಂಡತಿಯನ್ನು ಬಾಗಿಲ ಕಡೆ ಮುಖ ಮಾಡಿಸಿ ನಿಲ್ಲಿಸಿದ್ದೆ. "ನಿಮಗ ಎಂ.ಎ. ಯಾರ ಕೊಟ್ಟಾರ? ಕಾಲು ಅಪ್ಪಂದು. ಯಾವ ಕಡಿ ನಿಂತು ನೋಡಿದ್ರೂ ಅಪ್ಪನ ಎಡ ಅಪ್ಪನ ಎಡಾನೇ," ಎಂದು ಅವಳು ಅಡುಗೆಮನೆಗೆ ಹೋದಳು. ನಾನು ಬಾಗಿಲನ್ನು ನೋಡುತ್ತ ನಿಂತೆ.

ಆಟದಲ್ಲಿ ಪೆಟ್ಟು ಬೀಳುವುದು ನಮ್ಮ ಕಡೆ ಹೊಸದೇನಲ್ಲ. ನಾನು ಕಂಡ ಹನುಮಂತರಲ್ಲಿ ಬಾಲದ ಜೊತೆಗೆ ಇನ್ನೂ ಏನನ್ನಾದರೂ ಸುಟ್ಟುಕೊಳ್ಳದವರು ಕಡಿಮೆ. ಜನವಾಡದ ಒಬ್ಬ ಹಿರಣ್ಯಕಶಿಪು ಆವೇಶದಲ್ಲಿ ಬಣ್ಣದ ಕಂಬ ಬಿಟ್ಟು ಚಪ್ಪರದ ಕಂಬಕ್ಕೇ ಒದ್ದ. ನರಸಿಂಹ ಬರುವ ಮೊದಲೇ ಚಪ್ಪರ ಬಂತು. ಖಟಕ ಚಿಂಚೋಳಿಯಲ್ಲಿ ದ್ರೌಪದಿಯಾಗಿದ್ದ ಬಡಿಗನೊಬ್ಬನಿಗೆ, ಸೀರೆ ಸೆಳೆಸಿಕೊಂಡು ಸುತ್ತಿ ಸುತ್ತಿ ತಲೆ ತಿರುಗಿ, ಅವನು ದುಶ್ಶಾಸನನ ಮೇಲೆಯೇ ಬಿದ್ದು ದುಶ್ಶಾಸನನ ಮುಂದಿನ ಹಲ್ಲು ಹೋಯಿತು. ಕೃಷ್ಣನ ಕೆಲಸ ಹಗುರಾಯಿತು ಎಂದು ಜನ ನಕ್ಕರು. ವೇಷ ಹಾಕುವವರ ಸಂಕಟವೇ ಇದು. ನಾಲ್ಕು ತಿಂಗಳು ಮಾತು ಬಾಯಿಪಾಠ ಮಾಡಿ ಸೊಗಸಾಗಿ ಸತ್ತರೆ ಜನ ಎಲೆಯಡಿಕೆ ಹಾಕಿಕೊಳ್ಳುತ್ತಿರುತ್ತಾರೆ. ನಿಜವಾಗಿ ಕಾಲು ಜಾರಿ ಬಿದ್ದು ಅಯ್ಯೋ ಎಂದರೆ ಸೀಟಿ ಹೊಡೆದು ಇನ್ನೊಮ್ಮೆ ಬೀಳು ಎನ್ನುತ್ತಾರೆ. ಸತ್ಯಕ್ಕೆ ಇಷ್ಟು ಮರ್ಯಾದೆ ಸಿಗುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈಗ ಆ ವರ್ಷದ ಸಂಗತಿ. ಪೊಲೀಸ್ ಆಕ್ಷನ್ ಆಗಿ ನಿಜಾಮನ ಆಳ್ವಿಕೆ ಮುಗಿದು, ಹೈದರಾಬಾದ್ ಸಂಸ್ಥಾನಕ್ಕೆ ಹೊಸ ಸರ್ಕಾರ ಬಂದಿದ್ದ ಮೊದಲ ಬೇಸಿಗೆ. ನಾನು ಹೈದರಾಬಾದಿನಲ್ಲಿ ಓದುತ್ತಿದ್ದವನು, ಗದ್ದಲದಲ್ಲಿ ಕಾಲೇಜು ನಿಂತು ಭಾಲ್ಕಿಗೆ ಬಂದು ಕೂತಿದ್ದೆ. ಮೊದಲು ರಜಾಕಾರರಿಗೆ ಹೆದರಿ ಒಂದಷ್ಟು ಜನ ಮನೆ ಬಿಟ್ಟು ಗಡಿಯಾಚೆ ಓಡಿದ್ದರು. ಸರ್ಕಾರ ಬದಲಾದ ಮೇಲೆ ಹೆದರುವ ಸರದಿ ಇನ್ನೊಂದಷ್ಟು ಜನರದಾಯಿತು. ಅವರಿಗೆ ಎಲ್ಲೆಲ್ಲಿ ಏನೇನಾಯಿತು ಎಂಬುದನ್ನು ಇಂಥ ಹಗುರ ಬರಹದಲ್ಲಿ ಹೇಳುವುದು ತರವಲ್ಲ. ಔರಾದದಲ್ಲಿ ಹೆಚ್ಚೇನೂ ಆಗಲಿಲ್ಲ ಎನ್ನುತ್ತಾರೆ. ಹೆಚ್ಚೇನೂ ಆಗದ ಊರುಗಳಲ್ಲೂ ಜನ ಮೊದಲಿನ ಹಾಗೆ ಒಬ್ಬರನ್ನೊಬ್ಬರು ಕೂಗಿ ಕರೆಯುತ್ತಿರಲಿಲ್ಲ, ಅಷ್ಟು ನನಗೆ ನೆನಪಿದೆ.

ಔರಾದದಲ್ಲಿ ಒಬ್ಬ ಹಕೀಮ ಸಾಹೇಬರಿದ್ದರು. ಊರಿಗೆಲ್ಲ ಅವರು ಹಕೀಮಸಾಬ್. ಎಲುಬು ಕಟ್ಟುವುದರಲ್ಲಿ ಗಡಿಯಾಚೆಯವರೆಗೂ ಹೆಸರು. ಕಣ್ಣು ಮುಚ್ಚಿ, ನೋವಿನ ಜಾಗದ ಮೇಲೆ ಬೆರಳಾಡಿಸಿ, ಇದು ಮುರಿದದ್ದು, ಇದು ಬರೀ ಉಳುಕಿದ್ದು ಎಂದು ಹೇಳಿಬಿಡುತ್ತಿದ್ದರು. ಹುಣಸೆಮರದಿಂದ ಬಿದ್ದವರು, ಎತ್ತು ಹಾಯ್ದವರು, ಹೊಲದ ಬಾವಿಯ ಮೆಟ್ಟಿಲಲ್ಲಿ ಜಾರಿದವರು, ಊರಿನ ಅರ್ಧ ಜನ ಅವರು ಕಟ್ಟಿದ ಕೈಕಾಲುಗಳ ಮೇಲೆಯೇ ಓಡಾಡುತ್ತಿದ್ದರು. ಅಂಥವರು ಆಗ ತಿಂಗಳುಗಟ್ಟಲೆ ಬಾಗಿಲು ಅರ್ಧ ಮುಚ್ಚಿಕೊಂಡು ಮನೆಯೊಳಗೇ ಇದ್ದರು. ಅವರ ತಮ್ಮಂದಿರು ಆಗಲೇ ಹೈದರಾಬಾದ್ ಸೇರಿದ್ದರು. ಆಟದ ಮರುದಿನ ಬೆಳಿಗ್ಗೆ ತಾವೂ ಹೊರಡಲು ಬಂಡಿ ಗೊತ್ತು ಮಾಡಿದ್ದರು. ಹೋಗಿರಿ ಎಂದು ಊರಲ್ಲಿ ಅವರಿಗೆ ಯಾರೂ ಹೇಳಿರಲಿಲ್ಲ. ಇರಿ ಎಂದೂ ಯಾರೂ ಹೇಳಿರಲಿಲ್ಲ. ಹೇಳಬೇಕೆಂದು ಅನಿಸಿದವರಿಗೂ, ಇಷ್ಟು ದಿನ ಹೋಗದೆ ಈಗ ಯಾವ ಮುಖ ಇಟ್ಟುಕೊಂಡು ಆ ಅರ್ಧ ಬಾಗಿಲ ಮುಂದೆ ನಿಲ್ಲುವುದು ಎಂಬ ಮುಜುಗರ. ಅಂಥವರಲ್ಲಿ ನಮ್ಮ ಮಾವ ಮಾಣಿಕಪ್ಪನವರೂ ಒಬ್ಬರು. ಕಾಳುಕಡಿಯ ಅಡತಿ ಅಂಗಡಿ ಅವರದು, ಹಕೀಮರ ಮನೆಯಿಂದ ಕೂಗಳತೆಯ ದೂರ. ಮೊದಲೆಲ್ಲ ಸಂಜೆ ಆ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದವರು, ಈಗ ಅಂಗಡಿಗೆ ಹಿಂದಿನ ಓಣಿಯಿಂದ ಹೋಗುತ್ತಿದ್ದರು.

ಆಟ ಆಡಬೇಕೆಂದು ಊರವರಿಗೆ ಏಕೆ ಹೊಳೆಯಿತೋ ಗೊತ್ತಿಲ್ಲ. ಬಹುಶಃ ಗಟ್ಟಿಯಾಗಿ ಮಾತಾಡುವುದಕ್ಕೆ ಬೇರೆ ದಾರಿ ಇರಲಿಲ್ಲ. ರಾತ್ರಿ ಜನ ಸೇರಕೂಡದೆಂದು ಅಪ್ಪಣೆ ಇದ್ದದ್ದರಿಂದ ಹಗಲಿನಲ್ಲೇ ಆಡುವುದೆಂದಾಯಿತು. ದುರ್ಯೋಧನ ಮಾಣಿಕಪ್ಪನವರು, ಅವರ ಕಂಠ ಅಂಗಡಿಯಲ್ಲಿ ಕೂಗಿದರೆ ಸಂತೆಗೆ ಕೇಳುತ್ತಿತ್ತು. ಭೀಮನಿಗೆ ತಕ್ಕ ಮೈ ಔರಾದದಲ್ಲಿ ಸಿಗದೆ ಭಾಲ್ಕಿಯಿಂದ ಬಂಡೆಪ್ಪ ಕಾಕಾನನ್ನು ಕರೆಸಿದರು. ಕಾಕಾನ ಬಂಡಿಯಲ್ಲಿ ಸುಮ್ಮನೆ ಆಟ ನೋಡಲು ಹೋದವನು ನಾನು. ಅಲ್ಲಿ ಹೋದ ಮೇಲೆ ನಕುಲನಿಗೆ ಜ್ವರ ಬಂದಿದೆ ಎಂದು ತಿಳಿಯಿತು. "ಕಾಲೇಜ ಕಲತಾನ, ಸುಮ್ನ ನಿಂದ್ರಲಾಕ ಬರಾಂಗಿಲ್ಲೇನು?" ಎಂದು ಕಾಕಾ ನನ್ನನ್ನು ಹಿಡಿದು ಕೊಟ್ಟ. ಜ್ವರದ ನಕುಲನ ತಲೆ ನನ್ನದಕ್ಕಿಂತ ಬಹಳ ದೊಡ್ಡದು. ಅವನ ಕಿರೀಟ ನನ್ನ ಎರಡೂ ಕಿವಿ ಮುಚ್ಚಿ ಹುಬ್ಬಿನ ಮೇಲೆ ಬಂದು ಕೂತಿತು. ಅಂದಿನ ಆಟವನ್ನು ನಾನು ನೋಡಿದ್ದು ಹೆಚ್ಚು, ಕೇಳಿದ್ದು ಕಡಿಮೆ; ಗಟ್ಟಿಯಾಗಿ ಆಡಿದ ಮಾತಷ್ಟೇ ಒಳಗೆ ಬರುತ್ತಿತ್ತು. ಇತಿಹಾಸಕಾರನೊಬ್ಬನಿಗೆ ದೇವರು ಇಂಥ ಆರಂಭ ಕೊಡಬಾರದಿತ್ತು.

ಇಲ್ಲಿ ನಮ್ಮ ಕಡೆಯ ಒಂದು ಕಟ್ಟಳೆ ಹೇಳಬೇಕು. ಗಣಪತಿ ಪೂಜೆಯಾಗಿ ಕಿರೀಟ ಕಟ್ಟಿದ ಮೇಲೆ ವೇಷ ಹಾಕಿದವನು ಮನುಷ್ಯನಲ್ಲ. ಕೊನೆಯ ಮಂಗಳಾರತಿ ಆಗುವವರೆಗೆ ಅವನನ್ನು ಮನೆಯ ಹೆಸರಿನಿಂದ ಕರೆಯುವಂತಿಲ್ಲ, ಅವನು ಅಟ್ಟದಿಂದ ನೆಲಕ್ಕೆ ಕಾಲಿಡುವಂತಿಲ್ಲ, ಕಿರೀಟ ತೆಗೆಯುವಂತಿಲ್ಲ. ಅದರಲ್ಲೂ ಸಾಯಬೇಕಾದ ವೇಷ ಸಾಯದೆ ಇಳಿದರೆ ಊರಿಗೆ ಕೇಡು. ಹಿಂದೆ ಯಾವುದೋ ಹಳ್ಳಿಯಲ್ಲಿ ರಾವಣನೊಬ್ಬ ಹೊಟ್ಟೆನೋವೆಂದು ಸಾಯುವ ಮುಂಚೆ ಇಳಿದುಹೋದನಂತೆ. ಆ ಊರಲ್ಲಿ ಏನಾಯಿತು ಎಂದು ನಾನು ಕೇಳಿದರೆ ಎಲ್ಲರೂ ಬೇರೆ ಬೇರೆ ಕೇಡು ಹೇಳಿದರು. ಕೇಡಾಯಿತು ಎಂಬುದರಲ್ಲಿ ಮಾತ್ರ ಒಮ್ಮತವಿತ್ತು.

ಎರಡು ಬಂಡಿಗಳನ್ನು ಜೋಡಿಸಿ ಮೇಲೆ ಹಲಗೆ ಹಾಸಿದ ಅಟ್ಟ. ಮೇಲೆ ಸುಡುವ ಬಿಸಿಲು. ಬೆವರಿಗೆ ಎಲ್ಲರ ಬಣ್ಣ ಇಳಿದು, ಧರ್ಮರಾಯನ ಮುಖದ ಹಳದಿ ಅವನ ಗಡ್ಡದ ತುದಿಯಲ್ಲಿ ತೊಟ್ಟಿಕ್ಕುತ್ತಿತ್ತು. ಕಡೆಯ ಗದಾಯುದ್ಧ ಶುರುವಾಯಿತು. ಭೀಮ ದುರ್ಯೋಧನರು ಬೈದಾಡಿ, ಕುಣಿದು, ಗದೆ ಎತ್ತಿದರು. ಮೊದಲ ಸುತ್ತಿನಲ್ಲೇ, ಗದೆ ತಾಗಿಯೋ ಹಲಗೆ ಸಿಕ್ಕಿಯೋ ನಿಲುವಂಗಿ ತುಳಿದೋ, ದುರ್ಯೋಧನ ದೊಪ್ಪನೆ ಬಿದ್ದ. "ಅವ್ವಾ!" ಎಂದು ಅವನು ಕೂಗಿದ್ದು ನನ್ನ ಮುಚ್ಚಿದ ಕಿವಿಗೂ ಕೇಳಿಸಿತು. ಗಾಂಧಾರಿಯನ್ನು ನೆನೆದನೆಂದು ಜನ ಚಪ್ಪಾಳೆ ಹೊಡೆದರು.

ಮಾವ ಏಳಲಿಲ್ಲ. ಏಳಲು ನೋಡಿ ಮತ್ತೆ ಕೂತರು. ಆದರೂ ಕಿರೀಟದ ಮರ್ಯಾದೆ ಬಿಡಲಿಲ್ಲ. "ಎಲೈ ಭಾಗವತನೇ! ಈ ಕೌರವೇಶ್ವರನ ಕಾಲು ಊರಲಿಕ್ಕೆ ಬಾರದಂಥಾದ್ದಾಗಿದೆ! ಏನು ಮಾಡುವಂಥಾದ್ದೈ?" ಎಂದು ರಾಗವಾಗಿಯೇ ಕೇಳಿದರು. ಹಾಡುತ್ತಿದ್ದ ಭಾಗವತ ಮಲ್ಲಯ್ಯ ತಾಳ ನಿಲ್ಲಿಸಿ, "ಎಲೈ ಕುರುರಾಯನೇ! ನೀನು ಸಾಯಲಿಕ್ಕೆ ಇನ್ನೂ ಬಹಳ ಪದ ಅದಾವಲ್ಲೈ!" ಎಂದ. ಕಾಕಾ ಗದೆ ಬಿಟ್ಟು ಬಗ್ಗಿದ.

"ಖರೇನೇ ಹತ್ತೇದೇನೋ ಮಾ..." ಎಂದವನು ನಾಲಿಗೆ ಕಚ್ಚಿಕೊಂಡು, "ಖರೇನೇ ಹತ್ತೇದೇನೋ ದುರ್ಯೋಧನಾ?" ಎಂದ.

"ಹತ್ತೇದೋ ಮಾರಾಯಾ, ಹಿಂದ ಸರಿ," ಎಂದರು ಮಾವ. ಕೂಡಲೇ ಎಚ್ಚೆತ್ತು, "ಹಿಂದಕ್ಕೆ ಸರಿಯೆಲವೋ ವೃಕೋದರಾ!" ಎಂದು ತಿದ್ದಿಕೊಂಡರು.

ಆಗ ಜನಕ್ಕೆ ಇದು ಆಟವಲ್ಲ ಎಂದು ಗೊತ್ತಾಯಿತು. ದೊಡ್ಡ ದವಾಖಾನೆ ಬೀದರಿನಲ್ಲಿ. ಇಳಿಸಿ ಒಯ್ಯೋಣವೆಂದರೆ ದುರ್ಯೋಧನ ಇನ್ನೂ ಸತ್ತಿಲ್ಲ. ಎಲ್ಲರ ತಲೆಯಲ್ಲೂ ಒಂದೇ ಹೆಸರು ಇತ್ತು, ಯಾರ ಬಾಯಿಗೂ ಬರಲಿಲ್ಲ. ಹಕೀಮರ ಮನೆ ಅಲ್ಲೇ ಓಣಿಯ ತುದಿಯಲ್ಲಿ. ಅವರ ಬಾಗಿಲಿಗೆ ಅಟ್ಟದ ಮದ್ದಲೆ ಕೇಳುತ್ತಿತ್ತು. ಆಗ ಹೆಂಗಸರ ನಡುವಿನಿಂದ ಎದ್ದವರು ನಮ್ಮ ಅತ್ತೆ ನೀಲಮ್ಮ. ಮಗಳ ಕೈ ಹಿಡಿದುಕೊಂಡು ನಡೆದೇಬಿಟ್ಟರು. ಅಲ್ಲಿ ಹಕೀಮರು ಹಾಸಿಗೆ ಸುತ್ತಿ ಹಗ್ಗ ಬಿಗಿಯುತ್ತಿದ್ದರಂತೆ. ಅತ್ತೆ ಹೊಸ್ತಿಲಲ್ಲಿ ನಿಂತು, "ಹಕೀಮಸಾಬ್, ನಿಮ್ಮ ಸಾಮಾನ ಆಮ್ಯಾಲ ಕಟ್ರಿ. ಮೊದಲ ಇವರ ಕಾಲು ಕಟ್ರಿ," ಎಂದರಂತೆ. ಹಕೀಮರು, "ನಾ ಅಲ್ಲಿ ಬರಬೇಕೇನವ್ವಾ? ಎಲ್ಲಾರ ಮುಂದ?" ಎಂದು ಕೇಳಿದರಂತೆ. "ಅವರಿಗಿ ಇಳಿಲಾಕ ಬರಂಗಿಲ್ರಿ. ನೀವೇ ಏರಬೇಕು," ಎಂದರಂತೆ ಅತ್ತೆ. ಈ ಸಂಭಾಷಣೆಗೆ ನನ್ನ ಹೆಂಡತಿಯೊಬ್ಬಳೇ ಸಾಕ್ಷಿ. ಆದರೂ ಇದನ್ನು ನಾನು ನಂಬುತ್ತೇನೆ. ನಮ್ಮ ಅತ್ತೆಯ ಮಾತಿನ ವರಸೆ ಬಲ್ಲವರು ಯಾರಾದರೂ ನಂಬುತ್ತಾರೆ.

ಹಕೀಮರು ಬಂದದ್ದನ್ನು ನಾನೇ ಕಂಡೆ. ಹಳೆಯ ಶೇರವಾನಿಯ ಮೇಲಿನ ಗುಂಡಿ ಹಾಕಿಕೊಳ್ಳುತ್ತ, ಕಂಕುಳಲ್ಲಿ ಔಷಧದ ಗಂಟು ಹಿಡಿದುಕೊಂಡು, ನೆಲ ನೋಡುತ್ತ ನಡೆದು ಬಂದರು. ಜನ ಎರಡು ಕಡೆ ಸರಿದು ದಾರಿ ಬಿಟ್ಟರು. ಅಟ್ಟಕ್ಕೆ ಕಾಲಿಡುವಾಗ ಅವರು ಒಂದು ಗಳಿಗೆ ತಡೆದರು. ವೇಷವಿಲ್ಲದವರು ಆಟದ ನಡುವೆ ಏರಬಾರದೆಂಬುದು ಅವರಿಗೂ ಗೊತ್ತು. ಅವರೂ ಅದೇ ಊರಲ್ಲಿ ಹುಟ್ಟಿದವರು. ಭಾಗವತ ಮಲ್ಲಯ್ಯನ ಬುದ್ಧಿ ಅಂಥ ಸಮಯದಲ್ಲಿ ಚುರುಕು. ತಾಳ ತಟ್ಟಿ, "ಭಲಾ! ಹಸ್ತಿನಾವತಿಯ ರಾಜವೈದ್ಯರು ಆಸ್ಥಾನಕ್ಕೆ ದಯಮಾಡಿಸಿದರು!" ಎಂದು ಕೂಗಿದ. ಮದ್ದಲೆಯವನು ರಾಜರಿಗೆ ಬಾರಿಸುವ ಪೆಟ್ಟನ್ನೇ ಬಾರಿಸಿದ. ಹಕೀಮರು ಸುತ್ತ ಒಮ್ಮೆ ನೋಡಿ, ಗಂಟು ಕೆಳಗಿಟ್ಟು, ದುರ್ಯೋಧನನಿಗೆ ಬಗ್ಗಿ ಸಲಾಮು ಮಾಡಿದರು.

"ಬಾದಶಾ ಸಲಾಮತ್, ಹಡ್ಡಿ ನೋಡಬೇಕು. ಜರಾ ಕಾಲು ಕೊಡ್ರಿ."

"ಕೊಟ್ಟೆನೈ ರಾಜವೈದ್ಯನೇ!" ಎಂದರು ಮಾವ.

ಜನ ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಊರು ಅಷ್ಟು ಜೋರಾಗಿ ನಕ್ಕು ಬಹಳ ದಿನವಾಗಿತ್ತು ಎಂದು ಬರೆಯಬೇಕೆನಿಸುತ್ತದೆ; ಅದಕ್ಕೆ ನನ್ನಲ್ಲಿ ಆಧಾರವಿಲ್ಲ, ನಾನು ಹೋದದ್ದು ಹಿಂದಿನ ದಿನ. ಹಕೀಮರು ಕೂತು, ಕಣ್ಣು ಮುಚ್ಚಿ, ಮೊಣಕಾಲಿನಿಂದ ಹಿಮ್ಮಡಿಯವರೆಗೆ ಬೆರಳಾಡಿಸಿದರು. ಸಾಮಾನ್ಯವಾಗಿ ಅವರಿಗೆ ಉಗುಳು ನುಂಗುವಷ್ಟು ಹೊತ್ತೂ ಬೇಕಾಗುತ್ತಿರಲಿಲ್ಲವಂತೆ. ಅಂದು ಬಹಳ ಹೊತ್ತು ಬೆರಳಾಡಿಸಿದರು. ನಡುವೆ ಮಾವ ಅವರ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದರು. ಹಕೀಮರು ಕಣ್ಣು ತೆರೆದು ಏನೋ ಹೇಳಿದರು. ಇಬ್ಬರ ತುಟಿ ಅಲ್ಲಾಡಿದ್ದನ್ನು ಹತ್ತಿರದಿಂದ ಕಂಡವನು ನಾನು, ಒಂದು ಶಬ್ದವೂ ಕೇಳಿಸದವನೂ ನಾನೇ. ಕಿರೀಟವನ್ನು ಒಂದು ಬೆರಳು ಮೇಲೆತ್ತಿದ್ದರೆ ಸಾಕಿತ್ತು. ಆದರೆ ನಕುಲ ಅಲ್ಲಾಡಬಾರದೆಂದು ಕಾಕಾ ಹೇಳಿದ್ದ.

ಆಮೇಲೆ ಹಕೀಮರು ಎದ್ದು ಜನರ ಕಡೆ ತಿರುಗಿದರು. ದನಿ ಗಟ್ಟಿಯಾಗಿತ್ತು. "ಮುರದಾದ. ಹಡ್ಡಿ ಪೂರಾ ಮುರದಾದ. ಎಂಟೆಂಟ ದಿನಕ್ಕ ಪಟ್ಟಿ ಬಿಚ್ಚಿ ಕಟ್ಟಬೇಕು. ನಾನೇ ಕಟ್ಟಬೇಕು, ಬ್ಯಾರೇರ ಕೈ ಹತ್ತಬಾರದು."

ಕೆಳಗಿನಿಂದ ನೀಲಮ್ಮನವರು, "ಹಂಗಾದ್ರ ನಾಳಿನ ಬಂಡಿ?" ಎಂದು ಕೇಳಿದರು.

"ವಾಪಸ್ ಕಳಸ್ರಿ," ಎಂದರು ಹಕೀಮರು. "ಬೀಮಾರಿದ್ದವನಿಗಿ ಬಿಟ್ಟು ಹಕೀಮ 'ನಡದೆ' ಅಂದ್ರ ನಡೀತದೇನು?"

ಪರದೆಗೆ ಕಟ್ಟಿದ್ದ ಬಿದಿರು ಸೀಳಿ, ಮಲ್ಲಯ್ಯನ ರುಮಾಲು ಹರಿದು ಕಾಲು ಕಟ್ಟಿದ್ದಾಯಿತು. ಇನ್ನು ಆಟ ಮುಗಿಸಬೇಕು. ಭೀಮ ಕಡೆಯದಾಗಿ ತೊಡೆಗೆ ಹೊಡೆಯಬೇಕು. ಕಾಕಾ ಗದೆ ಎತ್ತಿಕೊಂಡು ಬಂದರೆ ಹಕೀಮರು ರೋಗಿಯ ಮುಂದೆ ಅಡ್ಡ ಕೂತುಬಿಟ್ಟರು.

"ಈಗೇ ಕಟ್ಟೀನಿ. ಇದರ ಹತ್ರ ಗದಾ ತಂದ್ರ ನಾ ಏಳಂಗಿಲ್ಲ."

"ಹಕೀಮಸಾಬ್, ಹೊಡಿಲಿಲ್ಲಂದ್ರ ಆಟ ಮುಗ್ಯಂಗಿಲ್ರಿ. ಇವ ಸಾಯಬೇಕು."

"ನನ್ನ ಕೈಯಾಗಿದ್ದ ಬೀಮಾರ ಹಂಗ ಸಾಯಂಗಿಲ್ಲ."

"ಮಹಾಭಾರತದಾಗ ಸತ್ತಾನ್ರೀ!"

"ಅಲ್ಲಿ ಹಕೀಮ ಇರಲಿಲ್ಲ. ಇಲ್ಲಿ ನಾ ಇದ್ದೀನಿ."

ಮಲ್ಲಯ್ಯ ನಡುವೆ ಬಂದು ರಾಜಿ ಮಾಡಿಸಿದ. ಕಟ್ಟಿದ ಕಾಲು ಬಿಟ್ಟು ಇನ್ನೊಂದರ ತೊಡೆಗೆ, ಹಕೀಮರ ಕಣ್ಣ ಮುಂದೆ, ಮೆಲ್ಲಗೆ ಮುಟ್ಟಿಸುವುದು. ಕಾಕಾ ಗದೆಯನ್ನು ಮಗುವಿನ ತಲೆ ಸವರುವ ಹಾಗೆ ತಾಗಿಸಿದ. ದುರ್ಯೋಧನ ಔರಾದಕ್ಕೆಲ್ಲ ಕೇಳುವಂತೆ ಕೂಗಿ ಸತ್ತ. ಪೆಟ್ಟಾದ ಕಾಲು ಒಂದು, ಹೊಡೆತ ಬಿದ್ದ ಕಾಲು ಇನ್ನೊಂದು. ನಮ್ಮ ಮನೆಯ ಜಗಳದ ಮೂಲ ಬಹುಶಃ ಇಲ್ಲಿದೆ. ಮಂಗಳಾರತಿಯಾಗಿ ಕಿರೀಟ ತೆಗೆದ ಮೇಲೆ ಊರವರು ಮಾವನನ್ನು ಮಾಣಿಕಪ್ಪಾ ಎಂದು ಕರೆದು ಮಾತಾಡಿಸಿದರು. ಹಾಗೆಯೇ ಹಕೀಮಸಾಬರನ್ನೂ ಮಾತಾಡಿಸಿದರು.

"ಮಾಣಿಕಪ್ಪಾ ತನ್ನ ಕಾಲ ಮ್ಯಾಲ ನಿಂತ ದಿವಸ ನಾ ಹೊರಡ್ತೀನಿ," ಎಂದು ಹಕೀಮರು ಊರಿಗೆಲ್ಲ ಹೇಳಿಕೊಂಡರಂತೆ. ಮಾವ ನಿಲ್ಲಲಿಲ್ಲ. ಜೋಳ ಬಿತ್ತಿದರು, ಮಾವ ನಿಲ್ಲಲಿಲ್ಲ. ಜೋಳ ತೆನೆ ಹಿಡಿಯಿತು, ಮಾವ ಮಂಚದ ಮೇಲೆಯೇ ಕೂತು ಅಡತಿ ನಡೆಸಿದರು. ಹಕೀಮರು ವಾರ ತಪ್ಪದೆ ಅರ್ಧ ಬಾಗಿಲು ದಾಟಿ ಬಂದು ಪಟ್ಟಿ ಕಟ್ಟುತ್ತಿದ್ದರು, ಚಹಾ ಕುಡಿದು ಹೋಗುತ್ತಿದ್ದರು. ಅವರು ಹೇಗೂ ಓಣಿಯಲ್ಲಿ ಓಡಾಡುತ್ತಾರಲ್ಲ ಎಂದು ಒಬ್ಬರು ಕೈ ತೋರಿಸಿದರು, ಇನ್ನೊಬ್ಬರು ಸೊಂಟ ತೋರಿಸಿದರು. ಕ್ರಮೇಣ ಅವರ ಮನೆಯ ಬಾಗಿಲು ಪೂರ್ತಿ ತೆರೆಯಿತು. ನಮ್ಮ ಅತ್ತೆ ಸಾಯುವ ಮುಂಚೆ ನನಗೆ ಹೇಳಿದ ಒಂದು ಮಾತಿದೆ. ಪಟ್ಟಿ ಕಟ್ಟಿದ ಮೂರನೆಯ ವಾರದಲ್ಲೇ ಹಿತ್ತಲಲ್ಲಿ ಎಮ್ಮೆ ಹಗ್ಗ ಹರಿದುಕೊಂಡಾಗ, ಮಾವ ಮಂಚದಿಂದ ಹಾರಿ ಅದರ ಹಿಂದೆ ಓಡಿ ಹಿಡಿದು ತಂದು ಕಟ್ಟಿ, ಮತ್ತೆ ಮಂಚದ ಮೇಲೆ ಮಲಗಿ ನರಳಿದರಂತೆ. ಎಮ್ಮೆ ಸಾಕ್ಷಿ ಹೇಳುವ ಸ್ಥಿತಿಯಲ್ಲಿಲ್ಲವಾದ್ದರಿಂದ ನಾನು ಇದನ್ನು ಸಂಶಯದ ಖಾನೆಯಲ್ಲೇ ಇಟ್ಟಿದ್ದೆ.

ಕಡೆಗೊಮ್ಮೆ ಮಾವ ಕೋಲು ಹಿಡಿದು ಎದ್ದರು. ಆದರೆ ಕುಂಟಿದರು. ಅಂಗಡಿಯಲ್ಲಿ ಕುಂಟುತ್ತಿರಲಿಲ್ಲ, ಹೊಲದಲ್ಲಿ ಕುಂಟುತ್ತಿರಲಿಲ್ಲ. ಹಕೀಮರ ಮನೆ ಮುಂದೆ ಹಾದುಹೋಗುವಾಗ ಜೋರು ಕುಂಟುತ್ತಿದ್ದರು. ಅದೂ ಒಮ್ಮೊಮ್ಮೆ ಮರೆತು ಬೇರೆ ಕಾಲಿನಲ್ಲಿ. ಕಟ್ಟೆಯ ಮೇಲೆ ಕೂತ ಹಕೀಮರು ಒಂದು ದಿನ ಕರೆದು ಕೇಳಿದ್ದನ್ನು, ಅಪ್ಪನ ಜೊತೆ ಹೋಗುತ್ತಿದ್ದ ನನ್ನ ಹೆಂಡತಿ ಕೇಳಿಸಿಕೊಂಡಿದ್ದಾಳೆ.

"ಮಾಣಿಕಪ್ಪಾ, ನೋವು ಜಾಗಾ ಬದಲಿ ಮಾಡ್ಯಾದೇನು?"

"ಹೌದ್ರಿ ಹಕೀಮಸಾಬ್. ಹಡ್ಡಿಯಾಗ ತಿರಗಾಡ್ಲಾಕತ್ಯಾದ."

"ಹಂಗಾದ್ರ ಇನ್ನೂ ಪಟ್ಟಿ ಬೇಕು. ನಾ ಈಗ ಹೋಗಲಾಕ ಬರಂಗಿಲ್ಲ."

"ಎಲ್ಲಿ ಬರ್ತದ್ರಿ," ಎಂದು ಮಾವ ಕುಂಟುತ್ತ ಮುಂದೆ ಹೋದರಂತೆ.

ಕಾಕಾ ಪಶ್ಚಾತ್ತಾಪಕ್ಕೆಂದು ಭಾಲ್ಕಿಯಿಂದ ಬೆಣ್ಣೆ, ತುಪ್ಪ ಹೊತ್ತು ನೋಡಲು ಹೋಗಿ ಹೋಗಿ, ಕೆಲವು ವರ್ಷಗಳ ಮೇಲೆ ನನ್ನ ಮದುವೆಯನ್ನೇ ಅಲ್ಲಿ ಗೊತ್ತು ಮಾಡಿ ಬಂದ. ಗದೆ ತಾಗಲೇ ಇಲ್ಲ ಎನ್ನುವವನಿಗೆ ಪಶ್ಚಾತ್ತಾಪ ಏಕೆ ಎಂದು ನಾನು ಕೇಳಿದೆ. "ನಿನಗ ಹೆಣ್ಣು ಬೇಕೋ ಬ್ಯಾಡೋ?" ಎಂದ. ಹಕೀಮರು ಕೊನೆಗೂ ಹೊರಡಲಿಲ್ಲ. ಹಿರಿಯ ವಯಸ್ಸಿನಲ್ಲಿ, ಔರಾದದಲ್ಲೇ, ತಮ್ಮ ಮನೆಯ ನಡುಮನೆಯಲ್ಲಿ ತೀರಿಕೊಂಡರು. ಅವರ ಜನಾಜಕ್ಕೆ ಮಾವ ಹೆಗಲು ಕೊಟ್ಟರು. ಅಷ್ಟು ದೂರವೂ ಒಂದು ಹೆಜ್ಜೆ ಕುಂಟಲಿಲ್ಲವೆಂದು ಹೆಂಡತಿ ಹೇಳುತ್ತಾಳೆ. ನಾನು ಆಗ ಬೀದರಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ.

ಇಷ್ಟು ವರ್ಷ ನಾನು ಒಂದು ನಿರ್ಧಾರಕ್ಕೆ ಬಂದಿದ್ದೆ. ಕಾಲು ಮುರಿದದ್ದು ನಿಜ. ಕೂಡಿದ ಮೇಲೆ ಕುಂಟಿದ್ದು ಸ್ನೇಹಕ್ಕಾಗಿ. ಬುದ್ಧಿವಂತನಿಗೆ ಒಪ್ಪುವ, ಎರಡೂ ಕಡೆ ತೂಗುವ ತೀರ್ಮಾನ. ಈಚೆಗೆ ಮಾವ ನಮ್ಮ ಜೊತೆ ಬೀದರಿನಲ್ಲಿದ್ದಾರೆ. ಮೊನ್ನೆ ಬಚ್ಚಲಲ್ಲಿ ಜಾರಿದರು. ದವಾಖಾನೆಗೆ ಕರೆದುಕೊಂಡು ಹೋದೆ. ಯಾವ ಕಾಲು ಎಂದು ಡಾಕ್ಟರು ಕೇಳಿದಾಗ, ಸಿಕ್ಕ ಅವಕಾಶ ಬಿಡಬಾರದೆಂದು, ಎರಡೂ ಕಾಲಿನ ಎಕ್ಸ್‌ರೇ ತೆಗೆಯಿರಿ ಎಂದೆ. ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದು, "ಏನೂ ಆಗಿಲ್ಲರೀ ಸರ್. ಬರೀ ಉಳುಕ್ಯಾದ," ಎಂದರು. ಹಳೆಯ ಮುರಿತ ಎಲ್ಲಿ ಕಾಣುತ್ತದೆ ಎಂದು ಕೇಳಿದೆ. "ಯಾವ ಮುರಿತ? ಪೂರಾ ಮುರಿದು ಕೂಡಿದ್ದರ ಗುರ್ತು ಕಾಣಬೇಕಲ್ಲರೀ. ಇಲ್ಲಿ ಎಲ್ಲೂ ಇಲ್ಲ."

ಬೆರಳಾಡಿಸಿದರೆ ಮುರಿದದ್ದು ಯಾವುದು, ಉಳುಕಿದ್ದು ಯಾವುದು ಎಂದು ತಿಳಿಯುವ ಹಕೀಮರಿಗೆ ಅಂದು ಅಟ್ಟದ ಮೇಲೆ ತಿಳಿಯದೆ ಇದ್ದೀತೆ? ತಿಳಿದೂ ಊರೆಲ್ಲ ಕೇಳುವಂತೆ ಮುರದಾದ ಎಂದರು. ಆ ಸುಳ್ಳನ್ನು ಮೊದಲು ಪಿಸುಗುಟ್ಟಿದವರು ಹಕೀಮರನ್ನು ಊರಲ್ಲಿ ಇರಿಸಿಕೊಳ್ಳಬೇಕೆಂದಿದ್ದ ಮಾವನೋ, ಊರಲ್ಲೇ ಇರಬೇಕೆಂದಿದ್ದ ಹಕೀಮರೋ? ಮನೆಗೆ ಬರುವಾಗ ಆಟೋದಲ್ಲಿ ಮಾವನನ್ನು ನೇರವಾಗಿಯೇ ಕೇಳಿದೆ. ಅವರು ಕೋಲಿನ ಮೇಲೆ ಗದ್ದ ಊರಿಕೊಂಡು, "ಹಕೀಮಸಾಬ್ ಮುರದಾದ ಅಂದಾರ. ಅವರಕಿಂತ ನೀವು ಶಾಣ್ಯಾ ಆದ್ರೇನು ಅಳಿಯಂದಿರಾ?" ಎಂದರು. ಮನೆಯಲ್ಲಿ ಹೆಂಡತಿ ಎಲ್ಲವನ್ನೂ ಕೇಳಿ, "ಅಂದ್ರ ನಿಮ್ಮ ಕಾಕಾಗ ಹೊಡಿಲಾಕೂ ಬರತಿರಲಿಲ್ಲ ಅಂದಂಗಾಯ್ತು," ಎಂದಳು.

ನನ್ನ ರೋಗ ಅಷ್ಟಕ್ಕೆ ಬಿಡಲಿಲ್ಲ. ಚಿತ್ರಗಳನ್ನು ಕಂಕುಳಲ್ಲಿಟ್ಟುಕೊಂಡು ಕಲಬುರಗಿಗೆ ಹೋಗಿ, ಎಲುಬಿನ ಇನ್ನೊಬ್ಬ ತಜ್ಞರಿಗೆ ತೋರಿಸಿ ಬಂದೆ. ಅವರೂ ಎರಡೆರಡು ಸಲ ನೋಡಿ ಹೇಳಿದ್ದರಿಂದ, ಈ ಇಡೀ ಕಥೆಯಲ್ಲಿ ಇದೊಂದನ್ನು ನಾನು ಸಂಶಯವಿಲ್ಲದೆ ಬರೆಯಬಲ್ಲೆ: ನಮ್ಮ ಮಾವನ ಕಾಲು ಯಾವತ್ತೂ ಮುರಿದಿರಲಿಲ್ಲ.